ಪಶ್ಚಾತ್ತಾಪ: ಇಪ್ಪತ್ತೈದಕ್ಕೆ ಹದಿನಾಲ್ಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಕೈದಿಗೆ ಅಳುವುದನ್ನು ಕಲಿಸಿದವನು ನಾನೇ. ಮೂರನೆಯ ಸಾಲಿನಲ್ಲಿ ಗಂಟಲು ಕಟ್ಟಬೇಕು, ನಾಲ್ಕನೆಯದರಲ್ಲಿ ತಲೆ ತಗ್ಗಬೇಕು, ಐದನೆಯದು ಮುಗಿಯುವಷ್ಟರಲ್ಲಿ ಮುಂದಿನ ಕುರ್ಚಿಯ ಹೆಂಗಸರು ಸೆರಗಿಗೆ ಕೈ ಹಾಕಿರಬೇಕು ಎಂದು ಹಂತಹಂತವಾಗಿ ಹೇಳಿಕೊಟ್ಟೆ. ಅಷ್ಟೇ ಆಗಿದ್ದರೆ ತಮಾಷೆ ಎಂದು ತೇಲಿಸಿಬಿಡಬಹುದಿತ್ತು. ಅವನು ತಾನೇ ಬರೆದುಕೊಂಡು ಬಂದಿದ್ದ ಕಾಗದದಲ್ಲಿ ಉಪಯೋಗಕ್ಕೆ ಬರುವ ಮಾತು ಒಂದೇ ಒಂದಿತ್ತು. ಅದನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕುವಾಗ ಪಕ್ಕದಲ್ಲಿ ಕೂತು, "ಹೌದು ಮೇಷ್ಟ್ರೇ, ಅದು ಹೋದರೆ ಮಾತಿನ ಓಟ ಚೆನ್ನಾಗಿ ಬರುತ್ತೆ" ಎಂದವನೂ ನಾನೇ.

ನಾನು ಅರಕಲಗೂಡಿನವನು. ಮಿಮಿಕ್ರಿ ಮಾಡುತ್ತೇನೆ. ಸರ್ಕಾರಿ ಬಸ್ಸು ದಿಣ್ಣೆ ಹತ್ತುವ ಸದ್ದು, ಕುಕ್ಕರಿನ ಮೂರನೇ ಸೀಟಿ, ಚುನಾವಣೆಗೆ ಮೊದಲು ಮತ್ತು ಆಮೇಲೆ ಒಬ್ಬನೇ ಪುಢಾರಿಯ ಎರಡು ಧ್ವನಿ, ಇಂಥವು. ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾದವರು ಕಾಫಿ ಕುಡಿಯಲು ಇಳಿದಾಗ ನಾನು ಹತ್ತುತ್ತೇನೆ. ನಮ್ಮಪ್ಪ ಇದನ್ನು ಕಸುಬು ಎಂದು ಒಪ್ಪುವುದಿಲ್ಲ. ನೆಂಟರಿಗೆ ನನ್ನನ್ನು "ಇವ್ನೇ ನೋಡಿ, ಸ್ವಂತ ಗಂಟ್ಲು ಇಲ್ದೋನು" ಎಂದು ಪರಿಚಯ ಮಾಡಿಸುತ್ತಾರೆ.

ಮೇಷ್ಟ್ರು ತೀರಿಕೊಂಡು ಒಂದು ತಿಂಗಳಾಯಿತು. ಹೊಳೆನರಸೀಪುರದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮಾತಾಡಿದವರೆಲ್ಲ ಅವರನ್ನು ಕರುಣಾಳು, ಕ್ಷಮಾಮೂರ್ತಿ, ಜೈಲಿನ ಕತ್ತಲೆಗೆ ಹಿಡಿದ ದೀಪ ಎಂದರು. ಕೊನೆಗೆ ಯಾರೋ, "ಮೇಷ್ಟ್ರ ಧ್ವನಿ ಒಂದ್ಸಲ ಕೇಳಿಸಪ್ಪಾ" ಎಂದು ನನ್ನನ್ನು ಎಬ್ಬಿಸಿದರು. ಹಾರ ಹಾಕಿದ ಫೋಟೊದ ಪಕ್ಕ ನಿಂತು, ಎದೆ ಮುಂದೆ ಮಾಡಿ, ಎರಡು ಕೈಗಳನ್ನೂ ಆಚೆಗೊಂದು ಈಚೆಗೊಂದು ಚಾಚಿ, "ನಾನು ಯಾರು? ಏನೂ ಅಲ್ಲ. ನಾನು ಬರೀ ಸೇತುವೆ!" ಎಂದೆ. ಸಭೆ ಬಿಕ್ಕಿತು. ಅವರ ಹೆಂಡತಿ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಾನು ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುವ ಧೈರ್ಯ ಬಂದದ್ದು ಆ ನಗುವಿನಿಂದ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು ಅವರು. ನಿವೃತ್ತಿಯ ಮಾರನೆಯ ದಿನದಿಂದ ತಿದ್ದಲು ಯಾರೂ ಸಿಗದೆ ಒದ್ದಾಡಿ, ಕೊನೆಗೆ ಎದ್ದು ಹೋಗಲಾರದ ವಿದ್ಯಾರ್ಥಿಗಳಿರುವ ಜಾಗವನ್ನು ಹುಡುಕಿಕೊಂಡರು. ಜೈಲು. ಯಾವ ಊರಿನದು ಎಂದು ಹೇಳುವುದಿಲ್ಲ, ಅಲ್ಲಿಯವರಿಗೂ ಮರ್ಯಾದೆ ಇದೆ. 'ಕ್ಷಮಾಸೇತು' ಎಂದು ಬಳಗ ಕಟ್ಟಿದರು. ಅಧ್ಯಕ್ಷರು ಅವರು, ಕಾರ್ಯದರ್ಶಿ ಅವರು, ಲೆಟರ್‌ಹೆಡ್ಡಿನ ಮೇಲಿನ ಸೇತುವೆಯ ಚಿತ್ರ ಬರೆದದ್ದೂ ಅವರೇ. ತಪ್ಪು ಮಾಡಿದವನನ್ನೂ ತಪ್ಪಿನಿಂದ ನೊಂದವರನ್ನೂ ಎದುರುಬದುರು ಕೂರಿಸಿ, ಇವನು ಕ್ಷಮೆ ಕೇಳುವುದು, ಅವರು ಕೊಡುವುದು. ಕೆಲಸ ಒಳ್ಳೆಯದೇ. ಅದು ನಡೆಯುತ್ತಿದ್ದ ರೀತಿ ಮಾತ್ರ ಬೇರೆ.

ಅವರ ಜುಬ್ಬದ ಎರಡು ಜೇಬಿನಲ್ಲಿ ಇಸ್ತ್ರಿ ಮಾಡಿದ ಎರಡು ಕರವಸ್ತ್ರ ಇರುತ್ತಿದ್ದವು. ಎಡಗಡೆಯದು ಅವರ ಬೆವರಿಗೆ. ಬಲಗಡೆಯದು ನೊಂದವರ ಕಣ್ಣೀರಿಗೆ. ವೇದಿಕೆಯ ಮೇಲೆ ಹೆಂಗಸೊಬ್ಬಳ ಗಲ್ಲ ನಡುಗಿದ ತಕ್ಷಣ ಬಲಗೈ ಜೇಬಿಗೆ ಹೋಗುತ್ತಿತ್ತು, ಕಂಡಕ್ಟರ್ ಚಿಲ್ಲರೆಗೆ ಕೈ ಹಾಕಿದಷ್ಟೇ ಸಲೀಸಾಗಿ. ಆಮೇಲೆ ಧಾರೆ. ನಾನು ಅದಕ್ಕೆ ಇಟ್ಟ ಹೆಸರು ಅದು. ಕೈದಿಯ ಒಂದು ಕೈ, ನೊಂದವರ ಒಂದು ಕೈ ಹಿಡಿದು, ಎರಡನ್ನೂ ತಮ್ಮ ಎದೆಯ ಮೇಲೆ ಸೇರಿಸಿ, ಕ್ಯಾಮೆರಾ ಕಡೆ ನೋಡುವುದು. ಅವರ ಮನೆಯ ಹಜಾರದಲ್ಲಿ ಅಂಥ ಹನ್ನೊಂದು ಫೋಟೊಗಳಿವೆ. ಹನ್ನೊಂದರಲ್ಲೂ ಮಧ್ಯದಲ್ಲಿ ಮೇಷ್ಟ್ರು ಪೂರ್ತಿ ಇದ್ದಾರೆ. ಎಡ ಬಲದವರಿಗೆ ಒಂದೊಂದು ಕಿವಿ ಕಟ್ಟಾಗಿದೆ.

ಒಮ್ಮೆ ಹೀಗೇ ಸರ ಕಿತ್ತುಕೊಂಡು ಓಡಿದ್ದವನೊಬ್ಬನನ್ನೂ, ಸರ ಕಳೆದುಕೊಂಡಿದ್ದ ನಿವೃತ್ತ ನರ್ಸಮ್ಮನನ್ನೂ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚಿಗೆ ಕರೆದುಕೊಂಡು ಹೋದರು. "ಬಿದ್ದ ಗೋಡೆ, ಮತ್ತೆ ಕಟ್ಟುವ ಮನಸ್ಸು, ಹೇಗಿದೆ ಕಲ್ಪನೆ?" ಎಂದು ನನ್ನನ್ನು ಕೇಳಿದರು. ಹೇಮಾವತಿಯ ಹಿನ್ನೀರು ಆಗಷ್ಟೇ ಇಳಿದು, ಮೊಣಕಾಲುದ್ದ ಕೆಸರಿತ್ತು. ಫೋಟೊಕ್ಕೆ ಕೈ ಹಿಡಿದು ನಿಲ್ಲಲು ಹೋಗಿ ನರ್ಸಮ್ಮ ಜಾರಿ ಕೂತರು. ಸರಗಳ್ಳ ಓಡಿಹೋಗಿ ಎತ್ತಿದ. ಮೇಷ್ಟ್ರು ದಡದ ಮೇಲಿಂದ, "ಮುಖ ಕ್ಯಾಮೆರಾ ಕಡೆ ಇರಲಿ, ಮುಖ!" ಎಂದು ಕೂಗಿದರು.

ನನ್ನ ಅವರ ಪರಿಚಯವಾದದ್ದು ಒಂದು ಶಾಲಾ ವಾರ್ಷಿಕೋತ್ಸವದಲ್ಲಿ. ಅವರು ಮುಖ್ಯ ಅತಿಥಿ, ನಾನು ಮನರಂಜನೆ. ಅವರ ಎದುರಿಗೇ ಅವರನ್ನು ಮಾಡಿ ತೋರಿಸಿದೆ. ಪ್ರತಿ ವಾಕ್ಯದ ಕೊನೆಗೆ "ಕೇಳಿಸ್ತಾ ಇದೆಯಾ?" ಎನ್ನುವುದು, ಶಾಲು ಜಾರದಿದ್ದರೂ ಸರಿಮಾಡಿಕೊಳ್ಳುವುದು, ಚಪ್ಪಾಳೆ ಬರಲೆಂದು ಒಂದು ಉಸಿರು ಕಾಯುವುದು. ಮಕ್ಕಳು ಬೆಂಚಿನಿಂದ ಬಿದ್ದು ನಕ್ಕರು. ಮೇಷ್ಟ್ರು ಹತ್ತಿರ ಕರೆದಾಗ ಕಿವಿ ಹಿಂಡುತ್ತಾರೆ ಎಂದುಕೊಂಡೇ ಹೋದೆ. ಅವರು ನನ್ನ ಬೆನ್ನು ತಟ್ಟಿ, "ನನ್ನ ಧ್ವನಿಯಲ್ಲಿ ಇಷ್ಟು ಗಾಂಭೀರ್ಯ ಇದೆ ಅಂತ ನನಗೇ ಗೊತ್ತಿರಲಿಲ್ಲ ಕಣಯ್ಯಾ" ಎಂದರು. ಅಣಕವನ್ನು ಮೆಚ್ಚುಗೆ ಎಂದುಕೊಂಡ ಮನುಷ್ಯನನ್ನು ಅದೇ ಮೊದಲು ನೋಡಿದ್ದು. ಆ ದಿನದಿಂದ ನನಗೆ 'ಅನುಕರಣೆ' ಎಂದೇ ಹೆಸರಿಟ್ಟರು. "ಏನಯ್ಯಾ ಅನುಕರಣೆ, ಮಂಗಳವಾರ ಬಿಡುವಿದೆಯೇನು?" ಮಂಗಳವಾರ ಅವರ ಜೈಲಿನ ದಿನ, ನನಗೆ ಮದುವೆಗಳು ಕಡಿಮೆ. ಹೋದೆ.

ಮನೆಗೆ ಹೋದ ಮೊದಲ ದಿನವೇ ಅವರು ಕೈ ಬೀಸಿ ಮಾತಾಡುವ ಭರದಲ್ಲಿ ಲೋಟ ತಗುಲಿ, ಬಿಸಿ ಕಾಫಿ ಪೂರ್ತಿ ನನ್ನ ಅಂಗಿಯ ಮೇಲೆ ಸುರಿಯಿತು. ಮೇಷ್ಟ್ರು ನನ್ನನ್ನು ನೋಡಿದರು, ಲೋಟ ನೋಡಿದರು, "ನೀನು ಅಲ್ಲಿ ಕೂರಬಾರದಿತ್ತು" ಎಂದು ಮಾತು ಮುಂದುವರಿಸಿದರು. ಒಳಗಿನಿಂದ ಒದ್ದೆ ಬಟ್ಟೆ ತಂದುಕೊಟ್ಟ ಅವರ ಹೆಂಡತಿ ಮೆಲ್ಲಗೆ, "ತಪ್ಪಾಯ್ತು ಅನ್ನೋ ಮಾತನ್ನ ಇವರು ಊರವರ ಕೈಲೆಲ್ಲ ಹೇಳಿಸ್ತಾರೆ ಕಣಪ್ಪಾ. ಈ ಮನೇಲಿ ಇವರ ಬಾಯಲ್ಲಿ ಇನ್ನೂ ಕೇಳಿಲ್ಲ ನಾನು" ಎಂದರು.

ಜೈಲಿನಲ್ಲಿ ಮೇಷ್ಟ್ರ ಪದ್ಧತಿ ಹೀಗಿತ್ತು. ಕ್ಷಮೆ ಕೇಳಲು ಒಪ್ಪಿದ ಕೈದಿ ಮೊದಲು ಒಂದು ಪುಟ ಬರೆಯಬೇಕು. ಅದನ್ನು ಮೇಷ್ಟ್ರು ಕೆಂಪು ಪೆನ್ನಿನಲ್ಲಿ ತಿದ್ದಿ ಅಂಕ ಕೊಡುತ್ತಿದ್ದರು. ಇಪ್ಪತ್ತೈದಕ್ಕೆ. ಭಾಷೆಗೆ ಹತ್ತು, ಭಾವಕ್ಕೆ ಹತ್ತು, ಅಕ್ಷರ ಅಂದಕ್ಕೆ ಐದು. ಅಣ್ಣನ ತಲೆ ಒಡೆದು ಬಂದಿದ್ದವನೊಬ್ಬನಿಗೆ ದುಂಡಗಿನ ಅಕ್ಷರಕ್ಕೆ ಐದಕ್ಕೆ ಐದು ಬಂದು, ಅವನು ಅದನ್ನು ಬ್ಯಾರಕ್ಕಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದ. ಹದಿನೆಂಟಕ್ಕಿಂತ ಕಡಿಮೆ ಬಂದವರು ಮತ್ತೆ ಬರೆಯಬೇಕು. ಅಂದರೆ ಮತ್ತೆ ನೋಯಬೇಕು, ಆದರೆ ಈ ಸಲ ವ್ಯಾಕರಣಬದ್ಧವಾಗಿ.

ಒಂದು ಮಾತು ಬರೆಯದಿದ್ದರೆ ನಾನೂ ಅವರ ಹಾಗೆ ಬೇಡದ ಸಾಲಿಗೆ ಗೀಟು ಎಳೆದಂತಾಗುತ್ತದೆ. ಮಂಗಳವಾರ ತಪ್ಪದೆ ಬಸ್ಸು ಹತ್ತಿ ಆ ಜೈಲಿಗೆ ಹೋಗುತ್ತಿದ್ದವರು ಅವರೊಬ್ಬರೇ. ಓದು ಬಾರದವರಿಗೆ ಮನೆಯ ಕಾಗದ ಓದಿ ಹೇಳುತ್ತಿದ್ದರು. ತೀರಾ ಕೆಟ್ಟ ಸುದ್ದಿ ಇದ್ದರೆ ಎರಡು ಸಲ ಓದಿ ನಿಧಾನಕ್ಕೆ ಹೇಳುತ್ತಿದ್ದರು. ಆ ಹೊತ್ತಿನಲ್ಲಿ "ಕೇಳಿಸ್ತಾ ಇದೆಯಾ" ಎನ್ನುತ್ತಿರಲಿಲ್ಲ. ಸರಿ, ಬರೆದೆ. ಇನ್ನು ಮುಂದಕ್ಕೆ.

ಕುಮಾರ ಸಿಕ್ಕಿದ್ದು ಅಲ್ಲೇ. ಚನ್ನರಾಯಪಟ್ಟಣ ತಾಲ್ಲೂಕು, ದಂಡಿಗನಹಳ್ಳಿ ಕಡೆಯ ಒಂದು ಹಳ್ಳಿಯವನು. ಆರು ವರ್ಷದ ಹಿಂದೆ ಒಂದು ಸಂಜೆ ಅವನ ಬೋರ್‌ವೆಲ್ಲಿನ ಕೇಬಲ್ ಕಳುವಾಗಿತ್ತು. ಊರಿನ ನೀರುಗಂಟಿ ರಂಗಪ್ಪನದೇ ಕೆಲಸ ಎಂದು ಯಾರೋ ಅಂದರು. ಬೀದಿಬೀದಿಯ ವಾಲ್ವು ತಿರುಗಿಸಿ ನೀರು ಬಿಡುವುದು ರಂಗಪ್ಪನ ಕೆಲಸ; ಮೋಟಾರು, ವೈರು ಅವನಿಗೆ ತಿಳಿಯುತ್ತದೆ, ಅದೇ ಸಾಕ್ಷಿ. ಮಾರನೆಯ ಬೆಳಿಗ್ಗೆ ಇಡೀ ಊರು ಹಾಲು ಹಾಕಲು ಸೇರಿದ್ದಾಗ, ಡೈರಿ ಮುಂದೆ, ಕುಮಾರ ರಂಗಪ್ಪನ ಕೈಯಿಂದ ವಾಲ್ವು ತಿರುಗಿಸುವ ಕಬ್ಬಿಣದ ರಾಡನ್ನೇ ಕಿತ್ತುಕೊಂಡು ಹೊಡೆದ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ರಂಗಪ್ಪ ಸತ್ತ. ಕೇಬಲ್ ಕದ್ದವನು ಇವತ್ತಿಗೂ ಸಿಕ್ಕಿಲ್ಲ. ಕೋರ್ಟಿನಲ್ಲಿ ಕುಮಾರನ ವಕೀಲರು, ಕಳುವಾದ ಸಿಟ್ಟಿನಲ್ಲಿ ಕೈ ಮೀರಿತು ಎಂದು ವಾದಿಸಿ ಶಿಕ್ಷೆ ಕಡಿಮೆ ಮಾಡಿಸಿದರು. ಹೀಗಾಗಿ ಸತ್ತವನು ಕಾಗದದ ಮೇಲೂ ಕಳ್ಳನಾಗಿಯೇ ಉಳಿದ.

ಕುಮಾರ ಬರೆದ ಪುಟ ಅರ್ಧ ಪುಟವೂ ಇರಲಿಲ್ಲ. ಅಕ್ಷರ ಕೋಳಿ ಕೆದಕಿದ ಹಾಗಿತ್ತು. ಅದರ ನಡುವೆ ಹೀಗಿತ್ತು: ರಂಗಣ್ಣ ಕದ್ದಿಲ್ಲ. ಕೇಬಲ್ ಹೋದ ಹೊತ್ತಿನಲ್ಲಿ ನಮ್ಮ ಬೀದಿಗೆ ನೀರು ಬಿಡುತ್ತಿದ್ದ. ತಡವಾಯಿತು ಅಂತ ನಾನೇ ಬೈದಿದ್ದೆ. ಎರಡನೇ ಏಟಿಗೇ ಅದು ನನಗೆ ನೆನಪಾಯಿತು. ಊರೆಲ್ಲ ನೋಡುತ್ತಿತ್ತು, ಕೈ ಇಳಿಸಲು ನಾಚಿಕೆಯಾಯಿತು.

ಮೇಷ್ಟ್ರು ಓದಿದರು. ಶಾಲು ಸರಿಮಾಡಿಕೊಂಡರು. ಆ ಐದೂ ವಾಕ್ಯಗಳ ಮೇಲೆ ಸ್ಕೇಲು ಇಟ್ಟು ಗೀಟು ಎಳೆದು, ಅಂಚಿನಲ್ಲಿ 'ವಿಷಯಾಂತರ' ಎಂದು ಬರೆದರು. ಕೆಳಗೆ ಹದಿನಾಲ್ಕು ಅಂಕ.

ಕುಮಾರ ಕೇಳಿದ. "ಸಾ, ಅದೇ ಅಲ್ವಾ ಸಾ ಇಸ್ಯ?"

"ಅಲ್ಲಪ್ಪಾ. ಕೇಬಲ್ಲು ಎಂಥ ವಿಷಯ? ಪಶ್ಚಾತ್ತಾಪ ವಿಷಯ. ಕೇಳುವವರಿಗೆ ನಿನ್ನ ಮೇಲೆ ಕರುಣೆ ಬರಬೇಕು. ಎರಡನೇ ಏಟಿಗೇ ಗೊತ್ತಿತ್ತು ಅಂದರೆ ಸಿಟ್ಟು ಬರುತ್ತೆ. ಸಭೆಯ ರಸ ಕೆಡುತ್ತೆ. ಕಣ್ಣೀರು ಬಂತೋ, ಕಡತ ಮುಗೀತು." ಇದು ಅವರ ನೆಚ್ಚಿನ ಮಾತು. ಆಮೇಲೆ ತಾವೇ ಬರೆದುಕೊಟ್ಟರು: 'ಅಜ್ಞಾನದ ಗಾಢಾಂಧಕಾರದಲ್ಲಿ ತೊಳಲುತ್ತಿದ್ದ ಈ ಪಾಮರನ ಕರಗಳಿಂದ ಘಟಿಸಿದ ಅಪರಾಧಕ್ಕೆ...' ನಾನು ಓಟದ ಬಗ್ಗೆ ಹೇಳಿದ್ದು ಆಗಲೇ.

ನೊಂದವರ ಒಪ್ಪಿಗೆ ಬೇಕಲ್ಲ. ಮೇಷ್ಟ್ರನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಂಗಪ್ಪನ ಊರಿಗೆ ಹೋದೆ. ಅರಳಿಕಟ್ಟೆಯ ಹತ್ತಿರ, "ನೀರುಗಂಟಿ ರಂಗಪ್ಪನವರ ಮನೆ ಯಾವುದು?" ಎಂದು ಕೇಳಿದರೆ ಕೂತಿದ್ದವರಿಗೆ ಹೊಳೆಯಲಿಲ್ಲ. ಒಬ್ಬ ಮಾತ್ರ, "ಓ, ಕೇಬಲ್ ಮನೆಯಾ? ಆ ಕಡೀ ಮನೆ ನೋಡಿ ಸಾ" ಎಂದ.

ರಂಗಪ್ಪನ ಹೆಂಡತಿ ಜಯಮ್ಮ ಹಸುವಿಗೆ ಮೇವು ಹಾಕುತ್ತಿದ್ದರು. ನಲವತ್ತೈದರ ಆಸುಪಾಸು, ಒಣಗಿದ ಗಟ್ಟಿ ಮೈ. ಮೇಷ್ಟ್ರು ಹತ್ತು ನಿಮಿಷ ಕ್ಷಮೆಯ ಮಹತ್ವ ಹೇಳಿದರು. ಆಯಮ್ಮ ಮೇವು ಹಾಕುವುದನ್ನು ನಿಲ್ಲಿಸಲಿಲ್ಲ.

"ಅವ್ನು ಅಳೋದು ನಂಗ್ಯಾಕ್ ಸಾ?" ಎಂದರು ಕೊನೆಗೆ. "ಅತ್ತು ಅತ್ತು ನಮ್ಗೇ ಸಾಕಾಯ್ತು. ನನ್ ಗಂಡ ಕದ್ದಿಲ್ಲ ಅಂತ ಅವ್ನ ಬಾಯಲ್ಲಿ ಬರ್ಬೇಕು. ಅಷ್ಟೇಯ. ನನ್ ಮಗಂಗೆ ಐಟಿಐನಲ್ಲಿ ಕೇಬಲ್ಲು ಅಂತಾರೆ. ಗಂಡನ್ ಕೆಲ್ಸ ಮಗಂಗೆ ಕೊಡಿ ಅಂತ ಪಂಚಾಯ್ತಿಗೆ ಓದ್ರೆ, ಮೆಂಬ್ರು ಏನಂದ ಗೊತ್ತಾ? ಕೇಬಲ್ ಮನೇವ್ರ ಕೈಗೆ ಊರ್ ಮೋಟ್ರು ಕೊಡಕ್ಕಾಯ್ತದಾ ಅಂದ. ಅದ್ ಏಳಂಗಿದ್ರೆ ಬತ್ತೀನಿ."

ಮೇಷ್ಟ್ರು ದಿನಚರಿ ತೆಗೆದು ಬರೆದುಕೊಂಡರು: 'ತಾಯಿ ಒಪ್ಪಿದರು.'

ಹಿಂದಿರುಗುವಾಗ ಬೈಕಿನ ಮೇಲೆ ಬಾಯಿ ಬಿಟ್ಟೆ. "ಮೇಷ್ಟ್ರೇ, ಆಯಮ್ಮ ಕೇಳಿದ್ದು ನೀವು ಹೊಡೆದುಹಾಕಿದ ಸಾಲನ್ನೇ ಅಲ್ವಾ? ವಾಪಸ್ ಸೇರಿಸಿಬಿಡೋಣ."

"ಹೊಡೆದದ್ದು ಹೊಡೆದದ್ದೇ ಕಣಯ್ಯಾ ಅನುಕರಣೆ" ಎಂದರು, ಗಾಳಿಗೆ ಶಾಲು ಹಾರದಂತೆ ಹಿಡಿದುಕೊಂಡು. "ಮೂವತ್ತು ವರ್ಷದಲ್ಲಿ ಒಮ್ಮೆ ಹಾಕಿದ ಗೀಟನ್ನು ವಾಪಸ್ ತೆಗೆದವನಲ್ಲ ನಾನು. ಕೇಳಿಸ್ತಾ ಇದೆಯಾ?"

ಕೇಳಿಸಿತು. ಸುಮ್ಮನಾದೆ. ಯಾಕೆಂದರೆ ನಾನು ಅಷ್ಟರಲ್ಲಿ ಮೂರನೆಯ ಸಾಲಿನ ಗಂಟಲಿನ ಬಗ್ಗೆ ಯೋಚಿಸಲು ಶುರುಮಾಡಿಬಿಟ್ಟಿದ್ದೆ. ಕಾರ್ಯಕ್ರಮ ಇದ್ದದ್ದು ಹಾಸನದಲ್ಲಿ, ಐನೂರು ಕುರ್ಚಿಯ ಸಭೆ. ಮದುವೆ ಮನೆಯಲ್ಲಿ ನನ್ನ ಮಿಮಿಕ್ರಿ ನಡೆಯುವಾಗ ಜನ ಊಟದ ಹಾಲಿನ ಬಾಗಿಲು ನೋಡುತ್ತಿರುತ್ತಾರೆ. ಒಂದು ಸಲ, ಒಂದೇ ಒಂದು ಸಲ, ನಾನು ಕಟ್ಟಿದ ಆಟಕ್ಕೆ ಐನೂರು ಜನ ಉಸಿರು ಬಿಗಿಹಿಡಿದು ಕೂರಲಿ ಎಂಬ ಆಸೆ.

ಕುಮಾರನಿಗೆ ಪೆರೋಲು ಸಿಕ್ಕಿತು. ಮೇಷ್ಟ್ರ ಹಜಾರದಲ್ಲಿ, ಆ ಹನ್ನೊಂದು ಫೋಟೊಗಳ ಕೆಳಗೆ ತಾಲೀಮು. ಜಯಮ್ಮನ ಪಾತ್ರ ನನ್ನದು. ತಲೆಗೆ ಟವೆಲ್ಲು ಹೊದ್ದು, ನಡುಗುವ ಕೈಯನ್ನು ಕುಮಾರನ ತಲೆಯ ಮೇಲಿಟ್ಟು, "ಕ್ಸಮಿಸ್ದೆ ಕಣ್ ಮಗಾ" ಎಂದು ಬಿಕ್ಕುತ್ತಿದ್ದೆ. ಹಾಗೆ ಮಾತಾಡುವ ಹೆಂಗಸನ್ನು ನಾನು ನಾಟಕದಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಜಯಮ್ಮನನ್ನು ಕಣ್ಣಾರೆ ಕಂಡು ಬಂದ ಮೇಲೂ ಹಾಗೆಯೇ ಮಾಡಿದೆ.

ಕುಮಾರನಿಗೆ ಮಾತ್ರ ಅಳು ಬರುತ್ತಿರಲಿಲ್ಲ. "ಗಾಢಾಂಧಕಾರ ಅನ್ನೋದ್ರಾಗೇ ಉಸುರು ನಿಂತೋಯ್ತದೆ ತಮ್ಮ, ಅಳಾದೆಲ್ಲಿ?" ಎನ್ನುತ್ತಿದ್ದ. ಒಂದು ದಿನ ಕೇಳಿಯೂ ಬಿಟ್ಟ. "ಆ ನೀರ್ ಬುಟ್ಟಿದ್ ಮಾತು ಏಳ್ದೇ ಇದ್ರೆ, ನಾ ಓಗದು ಯಾಕೆ?" ನಾನು ಅವನ ಭುಜ ತಟ್ಟಿ, ಮೇಷ್ಟ್ರ ಧ್ವನಿಯಲ್ಲೇ, "ಕಣ್ಣೀರು ಬಂತೋ, ಕಡತ ಮುಗೀತು" ಎಂದೆ. ಅವನು ನಗಲಿಲ್ಲ.

ಹಾಸನದಲ್ಲಿ ನನ್ನ ಪಾಠ ನೂರಕ್ಕೆ ನೂರು ಫಲಿಸಿತು. ಮೂರರಲ್ಲಿ ಗಂಟಲು, ನಾಲ್ಕರಲ್ಲಿ ತಲೆ, ಐದರಲ್ಲಿ ಸೆರಗು. ಹಿಂದಿನ ಸಾಲಿನ ಒಬ್ಬ ಪೊಲೀಸಿನವನೂ ಮೂಗು ಒರೆಸಿಕೊಂಡ. ನಾನು ಪರದೆಯ ಹಿಂದೆ ನಿಂತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೇಷ್ಟ್ರ ಬಲಗೈ ಜೇಬಿಗೆ ಹೋಯಿತು. ಜಯಮ್ಮನ ಕಣ್ಣು ಒಣಗಿಯೇ ಇತ್ತು. ಕರವಸ್ತ್ರ ಹೊರಬಂದು, ಯಾರಿಗೂ ಬೇಡವಾಗಿ, ಗಾಳಿಯಲ್ಲಿ ನಿಂತಿತು. ಸರಿ ಎಂದು ಮೇಷ್ಟ್ರು ಧಾರೆಗೆ ಕೈ ಹಿಡಿದರು.

ಜಯಮ್ಮ ಕೈ ಬಿಡಿಸಿಕೊಂಡರು. "ಎಲ್ ಬಂತು ಸಾ ಅದು?"

"ಯಾವುದು ತಾಯಿ?"

"ಕದ್ದಿಲ್ಲ ಅನ್ನೋದು. ನಾ ಕಿವಿ ಕೊಟ್ಕಂಡೇ ಕೂತಿದ್ದೆ. ಬರ್ನೇ ಇಲ್ಲ."

"ಕ್ಷಮೆ ದೊಡ್ಡದು ತಾಯಿ, ಕೇಬಲ್ಲು ಸಣ್ಣದು" ಎಂದರು ಮೇಷ್ಟ್ರು, ಮೈಕಿನಲ್ಲಿ, ಚಪ್ಪಾಳೆಗೆ ಒಂದು ಉಸಿರು ಕಾಯುತ್ತಾ. ಚಪ್ಪಾಳೆಯೂ ಬಂತು.

ಚಪ್ಪಾಳೆ ನಿಲ್ಲುವವರೆಗೆ ಜಯಮ್ಮ ಕಾದರು. "ಇವ್ರೆಲ್ಲ ಯಾರು ನಂಗೆ? ಆಸನ್ದೋರು ನಮ್ಮನೇನ ಕೇಬಲ್ ಮನೆ ಅಂತಾರಾ? ಒಡ್ದಿದ್ದು ಡೈರಿ ಮುಂದೆ. ಅಲ್ಲೇ ಬಂದು ಏಳ್ಲಿ, ಆಲಾಕೋ ಒತ್ನಲ್ಲಿ, ಆವತ್ ನೋಡ್ತಾ ನಿಂತಿದ್ದೋರ್ ಮುಂದೆ." ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲವನ್ನೂ ಕುರ್ಚಿಯ ಮೇಲೆ ಬಿಟ್ಟು ಇಳಿದು ಹೋದರು. ನಾನು ಹೇಳಿಕೊಟ್ಟಿದ್ದ ಅಳುವಿನಲ್ಲಿ ಇನ್ನೂ ಎರಡು ಸಾಲು ಬಾಕಿ ಇತ್ತು. ಕುಮಾರ ಅದನ್ನು ಅಳಲಿಲ್ಲ.

ಬೇರೆಯವರಾಗಿದ್ದರೆ ಅಲ್ಲಿಗೆ ಪಾಠ ಕಲಿಯುತ್ತಿದ್ದರು. ಮೇಷ್ಟ್ರು ಹುರುಪಾದರು. "ಹಳ್ಳಿಯಲ್ಲೇ ಕಾರ್ಯಕ್ರಮ! ನಾನೇ ಯೋಚಿಸಬೇಕಿತ್ತು" ಎಂದು ಯೋಚಿಸಿದ್ದು ತಾವೇ ಎನ್ನುವ ಹಾಗೆ ಓಡಾಡಿದರು. ಕುಮಾರ ಆ ಊರಿಗೆ ಕಾಲಿಡಲು ಪೊಲೀಸರ ಒಪ್ಪಿಗೆ ಬೇಕಿತ್ತು. ಅದನ್ನು ಎರಡೇ ದಿನದಲ್ಲಿ ತಂದರು. ಜಿಲ್ಲೆಯ ಅರ್ಧ ಕಚೇರಿಗಳಲ್ಲಿ ಅವರಿಂದ ಕಿವಿ ಹಿಂಡಿಸಿಕೊಂಡವರೇ ಕೂತಿದ್ದಾರೆ. ಡೈರಿಯಲ್ಲಿ ಹಾಲು ಹಾಕುವುದು ಬೆಳಿಗ್ಗೆ ಆರೂವರೆಗೆ, ಏಳೂವರೆಗೆ ವ್ಯಾನು ಬರುತ್ತದೆ, ನಡುವೆ ಐದು ನಿಮಿಷದ ಬಿಡುವು ಸಿಕ್ಕಿದರೆ ಹೆಚ್ಚು ಎಂದು ನಾನು ಹೇಳಿದೆ. "ಹಾಲು ಕಾಯುತ್ತೆ ಕಣಯ್ಯಾ" ಎಂದರು. ಕಾಯಿಸಿದ ಹಾಲಿಗೂ ಕರೆದ ಹಾಲಿಗೂ ಇರುವ ವ್ಯತ್ಯಾಸ ಅವರಿಗೆ ಕಾಫಿ ಲೋಟದ ಆಚೆಗೆ ಗೊತ್ತಿರಲಿಲ್ಲ.

ಆ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಡೈರಿ ಮುಂದೆ ಕ್ಯಾನುಗಳ ಸಾಲು ಆಗಲೇ ಬೆಳೆದಿತ್ತು. ಆ ಕಡೆಯ ಪದ್ಧತಿ ಹಾಗೆ. ಜನ ಸಾಲಿನಲ್ಲಿ ನಿಲ್ಲುವುದಿಲ್ಲ, ಕ್ಯಾನು ನಿಲ್ಲುತ್ತದೆ. ಯಜಮಾನರು ಬೀಡಿಗೋ ಮಾತಿಗೋ ಆಚೀಚೆ ಇರುತ್ತಾರೆ. ಯಾರೂ ಇನ್ನೊಬ್ಬರ ಕ್ಯಾನು ಮುಟ್ಟುವುದಿಲ್ಲ. ಸೆಕ್ರೆಟ್ರಿ ಒಳಗೆ ಅಳತೆಯ ಮೇಜಿನ ಹಿಂದೆ ಕೂತು ಮನೆಯ ಹೆಸರು ಕೂಗುತ್ತಾನೆ: "ದೊಡ್ಮನೆ... ಮಿಲ್ಟ್ರಿ ಮನೆ... ಕೇಬಲ್ ಮನೆ..."

ಮೇಷ್ಟ್ರಿಗೆ ವೇದಿಕೆಗೆ ಜಾಗ ಬೇಕಿತ್ತು. ಟೆಂಪೋದಿಂದ ಕುರ್ಚಿ ಇಳಿಸಿದವರಿಗೆ, "ಈ ಕ್ಯಾನುಗಳನ್ನೆಲ್ಲ ಎತ್ತಿ ಆ ಕಡೆ ಇಡ್ರಪ್ಪಾ" ಎಂದರು. ಎತ್ತಿಟ್ಟರು. ಹೇಗೆ ಬೇಕೋ ಹಾಗೆ.

ಊರು ಎದ್ದು ನಿಂತಿತು. "ಯಾವನ್ಲಾ ನನ್ ಕ್ಯಾನ್ ಮುಟ್ದೋನು?" "ನಂದು ನಾಕ್ನೇದಿತ್ತು ಕಣ್ಲಾ, ಈಗ ನೋಡು ಚರಂಡಿ ತಾವ ಐತೆ!" ಆರು ವರ್ಷದ ಹಿಂದೆ ಒಬ್ಬ ಮನುಷ್ಯನನ್ನು ಹೊಡೆಯುವಾಗ ಬಾಯಿ ತೆರೆಯದಿದ್ದ ಜನ ಕ್ಯಾನು ಕದಲಿದ್ದಕ್ಕೆ ಮೇಷ್ಟ್ರ ಮೈಮೇಲೆ ಬಂದರು. ಜೊತೆಗೆ ಬಂದಿದ್ದ ಪೇದೆ ಮಧ್ಯೆ ಬರಬೇಕಾಯಿತು. ಈ ಗದ್ದಲದಲ್ಲೇ ಹಿಂದೆ ಫ್ಲೆಕ್ಸು ಏರಿತು. ಮೇಷ್ಟ್ರ ಮುಖ ಕ್ಯಾನಿನಷ್ಟು ದೊಡ್ಡದು. ಕುಮಾರ ಮತ್ತು ಜಯಮ್ಮ ಎರಡು ಮೂಲೆಗಳಲ್ಲಿ, ಪಾಸ್‌ಪೋರ್ಟ್ ಸೈಜು.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ದೀಪ ಗಾಳಿಗೆ ನಾಲ್ಕು ಸಲ ಆರಿತು, ಐದು ಸಲ ಹಚ್ಚಿದರು. ಏಳು ಗಂಟೆ ದಾಟಿತು. ಒಳಗಿನಿಂದ ಸೆಕ್ರೆಟ್ರಿ, "ಸಾ, ವ್ಯಾನ್ ಬತ್ತದೆ ಸಾ" ಎಂದು ಕೂಗಿದ. ಮೇಷ್ಟ್ರು ಕೈ ಎತ್ತಿ ಅವನನ್ನು ಕೂರಿಸಿ, ಕುಮಾರನ ಕೈಗೆ ಕಾಗದ ಕೊಟ್ಟರು.

ಕುಮಾರ ಶುರುಮಾಡಿದ. "ಅಜ್ಞಾನದ ಗಾಢಾಂಧಕಾರದಲ್ಲಿ..." ಮೂರನೆಯ ಸಾಲಿಗೆ ಬಂದ. ಗಂಟಲು ಕಟ್ಟಿತು, ನಾನು ಕಟ್ಟಿಸಿದ್ದ ಜಾಗದಲ್ಲೇ. ಯಾರೋ ಹಿಂದಿನಿಂದ, "ಚೆನ್ನಾಗ್ ಮಾಡ್ತಾನೆ ಕಣ್ಲಾ" ಎಂದ. ಆ ಮೆಚ್ಚುಗೆ ನನಗೆ ಸಲ್ಲಬೇಕಾದದ್ದು. ಅದನ್ನು ಕೇಳಿ ನನ್ನ ಕಿವಿ ಬಿಸಿಯಾಯಿತು.

ಜಯಮ್ಮ ವೇದಿಕೆಯ ಮೇಲಿನ ಕುರ್ಚಿಯಲ್ಲಿ ಕೂತಿರಲಿಲ್ಲ. ಚದುರಿಹೋದ ಕ್ಯಾನುಗಳ ನಡುವೆ ತಮ್ಮದನ್ನು ಹುಡುಕಿಕೊಂಡು, ಅದರ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದರು. "ಲೇ ಕುಮಾರ" ಎಂದರು. ಜೋರಾಗಿ ಅಲ್ಲ. "ಆ ಕಾಗ್ದ ಇಳ್ಸು. ನಿನ್ ಬಾಯ್ನಲ್ಲಿ ಏಳು. ಆವತ್ತು ನಿಮ್ ಬೀದೀಗೆ ನೀರ್ ಬುಟ್ಟೋರು ಯಾರು?"

ಕುಮಾರ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಕಾಗದದ ಕಡೆ ಬೆರಳು ತೋರಿದರು. ಅವನು ನನ್ನ ಕಡೆ ನೋಡಿದ. ನಾನು ಫ್ಲೆಕ್ಸಿನ ಕಂಬ ಹಿಡಿದುಕೊಂಡಿದ್ದೆ. ಹೇಳು ಎಂದು ತಲೆಯಾಡಿಸಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಅದರಲ್ಲೂ ಸದ್ದಿರಲಿಲ್ಲ.

ಕುಮಾರ ಕಾಗದ ಮಡಚಿದ.

"ರಂಗಣ್ಣ" ಎಂದ. "ರಂಗಣ್ಣನೇ ಬುಡ್ತಿದ್ದ. ಯಾಕ್ ಲೇಟು ಅಂತ ನಾನೇ ಬೈದೆ. ಅದೇ ಒತ್ನಲ್ಲಿ ಅತ್ಲಾಗೆ ಕೇಬಲ್ ಓಗಿದ್ದು. ರಂಗಣ್ಣ ಕದ್ದಿಲ್ಲ. ಎಲ್ಡ್ನೇ ಏಟ್ಗೇ ನಂಗ್ ಗ್ಯಾಪ್ಕ ಬಂತು. ನೀವೆಲ್ಲ ನೋಡ್ತಾ ನಿಂತಿದ್ರಿ. ಕೈ ಇಳ್ಸದ್ಕೆ ನಾಚ್ಕೆ ಆಯ್ತು. ಒಡೀತಾನೇ ಓದೆ." ಮಡಚಿದ ಕಾಗದವನ್ನು ಜೇಬಿಗೆ ಹಾಕಿಕೊಂಡ. "ಕೋರ್ಟ್ನಾಗೂ ಏಳ್ನಿಲ್ಲ. ಅಷ್ಟೇಯ."

ಗಂಟಲು ಕಟ್ಟಲಿಲ್ಲ, ತಲೆ ತಗ್ಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಊರಿನ ದಾರಿ ಹೇಳುವವನ ಧ್ವನಿ. ಒಬ್ಬ ಹೆಂಗಸೂ ಸೆರಗಿಗೆ ಕೈ ಹಾಕಲಿಲ್ಲ. ಗಂಡಸರು ತಮ್ಮ ತಮ್ಮ ಕ್ಯಾನು ನೋಡುತ್ತಿದ್ದರು. ಮೋಟಾರು ಕೊಡಲಾಗದು ಎಂದಿದ್ದ ಮೆಂಬರು ಮುಚ್ಚಳ ತೆಗೆದು, ಹಾಲಿನೊಳಗೆ ಏನೋ ಬಿದ್ದಿರುವಂತೆ ಬಗ್ಗಿ ನೋಡುತ್ತಲೇ ಇದ್ದ. ಒಳಗಿನಿಂದ ಸೆಕ್ರೆಟ್ರಿ ಗಂಟಲು ಸರಿಮಾಡಿಕೊಂಡು ಕೂಗಿದ. "ನೀರುಗಂಟಿ ರಂಗಣ್ಣನ ಮನೆ... ಬನ್ನಿ ಜಯಕ್ಕ."

ಜಯಮ್ಮ ಕ್ಯಾನು ಎತ್ತಿಕೊಂಡು ಹೊರಟರು. ಡೈರಿಯ ಬಾಗಿಲಿಗೆ ಅಡ್ಡವಾಗಿ ಮೇಷ್ಟ್ರು ನಿಂತಿದ್ದರು, ಎರಡು ಕೈಗಳನ್ನೂ ಆಚೆಗೊಂದು ಈಚೆಗೊಂದು ಚಾಚಿ. ಎಡಗೈಯಲ್ಲಿ ಆಗಲೇ ಕುಮಾರನ ಕೈ ಸಿಕ್ಕಿಬಿದ್ದಿತ್ತು. ಫೋಟೊದವನು ಮುಂದೆ ಮಂಡಿಯೂರಿದ್ದ.

"ತಾಯಿ" ಎಂದರು ಮೇಷ್ಟ್ರು ಮೈಕಿನ ಧ್ವನಿಯಲ್ಲಿ. "ಈಗ 'ಕ್ಷಮಿಸಿದ್ದೇನೆ' ಎಂಬ ಒಂದೇ ಒಂದು ಮಾತು. ನಿಮ್ಮ ಬಾಯಿಂದ. ಇಲ್ಲಿ, ನನ್ನ ಪಕ್ಕ ನಿಂತು."

ಜಯಮ್ಮನ ಆ ಧ್ವನಿಯನ್ನು ನಾನು ಇದುವರೆಗೆ ಯಾವ ವೇದಿಕೆಯ ಮೇಲೂ ಮಾಡಿಲ್ಲ. ಮನೆಯಲ್ಲಿ ಒಬ್ಬನೇ ಇದ್ದಾಗ ಪ್ರಯತ್ನಿಸಿದ್ದೇನೆ, ಬರುವುದಿಲ್ಲ. ಮಾತು ಮಾತ್ರ ಒಂದಕ್ಷರ ಬಿಡದೆ ನೆನಪಿದೆ.

"ಅವ ಏಳ್ಬೇಕಾದ್ದ ಏಳ್ದ, ನಾ ಕೇಳ್ಬೇಕಾದ್ದ ಕೇಳ್ದೆ. ಮಧ್ಯದಲ್ಲಿ ನಿಮ್ದೇನ್ ಸಾ? ಸರ್ಕಳಿ ಅತ್ಲಾಗೆ, ಆಲು ಕೆಡ್ತದೆ."